ಸಾಹುಕಾರನ ಕಂಬಳಿ

ಒಂದು ಪೇಟೆಯಲ್ಲಿ ಒಬ್ಬ ಕಂಬಳಿ ಸಾಹುಕಾರ ಇದ್ದ. ಹೆಸರು ಬೇಡ ಬಿಡಿ. ಹೆಸರು ಹೇಳಿದರೆ ನೀವು, ‘ಓ, ಅವರ ಮನೆ ಕಥೆ’ ಎಂದು ಆರಾಮಾಗಿ ಗೋಡೆಗೆ ಒರಗಿಬಿಡುತ್ತೀರಿ. ಸುತ್ತಲಿನ ಹಳ್ಳಿಗಳಲ್ಲಿ ನೇಯ್ದ ಕಂಬಳಿಯೆಲ್ಲ ಅವನ ಅಂಗಡಿಗೇ ಬರುತ್ತಿತ್ತು. ಕಂಬಳಿಯೇ ಅವನ ಅನ್ನ, ಕಂಬಳಿಯೇ ಅವನ ಮರ್ಯಾದೆ. ಯಾರಿಗೆ ಮೈ ಬಿಸಿಯಾದರೂ ಅವನದು ಒಂದೇ ಮಾತು: “ಹೊದ್ದು ಮಲಗ್ರಪ್ಪಾ, ಬೆವರು ಬಂದ್ರೆ ಜ್ವರ ತಾನೇ ಬಿಡ್ತೈತೆ.”

ಈ ಸಾಹುಕಾರನಿಗೆ ಒಬ್ಬಳು ಮೊಮ್ಮಗಳು, ಇನ್ನೂ ಮೂರು ತುಂಬದ ಕೂಸು. ತಾತ ಅಂಗಡಿಯಿಂದ ಬಂದು ಹೊಸ್ತಿಲಲ್ಲಿ ಕೆಮ್ಮಿದರೆ ಸಾಕು, “ತಾತಾ, ಆನೆ!” ಎಂದು ಓಡಿಬಂದು ಬೆನ್ನೇರುತ್ತಿದ್ದಳು. ಪೇಟೆಯನ್ನೇ ಗದರಿಸುವ ಮನುಷ್ಯ ಅವಳಿಗಾಗಿ ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದ.

ಬೇಸಿಗೆಯ ಒಂದು ಬೆಳಗ್ಗೆ ಆ ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು. ಸಾಹುಕಾರ ಹೆದರಿದ. ಹೆದರಿದ ಮನುಷ್ಯ ಏನು ಮಾಡುತ್ತಾನೆ ಹೇಳಿ? ತನಗೆ ಗೊತ್ತಿರುವುದನ್ನೇ ಇನ್ನಷ್ಟು ಮಾಡುತ್ತಾನೆ. ಕಿಟಕಿ ಮುಚ್ಚಿಸಿದ. ಫ್ಯಾನ್ ಆರಿಸಿದ. ಅಂಗಡಿಯಲ್ಲಿದ್ದ ಕಂಬಳಿಗಳಲ್ಲೇ ದಪ್ಪನೆಯದನ್ನು ತಂದು ಮಗುವಿನ ಕುತ್ತಿಗೆವರೆಗೂ ಸುತ್ತಿದ. ಅಲ್ಲಿ ಹಿಂದಿನ ಸಾಲಿನ ಅಜ್ಜಿ ತಲೆದೂಗುತ್ತಿದ್ದಾರೆ, ಸರಿಯಾಗೇ ಮಾಡಿದ ಅಂತ. ತಾಳಿ ತಾಯಿ, ಮುಂದೆ ಕೇಳಿ.

ಮಗ ಪರವೂರಿಗೆ ಹೋಗಿದ್ದ. ಸೊಸೆ ಬಾಗಿಲ ಬಳಿ ಸೆರಗು ಹಿಂಡುತ್ತಾ ನಿಂತಿದ್ದಳು.

“ಮಾವಾರೇ, ಮಗೀಗೆ ಒಂದೀಟು ನೀರಾದ್ರೂ ಕುಡಿಸ್ಲಾ? ಎದ್ದಾಗ್ನಿಂದ ಉಚ್ಚೇನೂ ಹೊಯ್ದಿಲ್ಲ.”

“ಜ್ವರದಾಗೆ ನೀರು ಕುಡಿಸಿ ಶೀತ ಮಾಡ್ತೀಯೇನವ್ವಾ? ನಾನೇನು ಅದಕ್ಕೆ ವೈರೀನಾ?”

ವೈರಿಯಲ್ಲ. ನೋಡಿ, ಕಷ್ಟ ಇರುವುದೇ ಅಲ್ಲಿ. ವೈರಿಯಾಗಿದ್ದರೆ ಅವಳು ಕೈ ಹಿಡಿದು ತಡೆಯುತ್ತಿದ್ದಳು. ಪ್ರೀತಿಯಿಂದ ತಪ್ಪು ಮಾಡುವವರನ್ನು ತಡೆಯಲು ನಾಲಿಗೆ ಏಳುವುದಿಲ್ಲ. ಅವಳು ಬಾಗಿಲ ಬಳಿಯೇ ನಿಂತಳು.

ಮಧ್ಯಾಹ್ನವಾಯಿತು, ಜ್ವರ ಇಳಿಯಲಿಲ್ಲ. ಸಾಹುಕಾರ ಅಂಗಡಿಗೆ ಓಡಿ ಇನ್ನೊಂದು ಕಂಬಳಿ ಹೊತ್ತು ತಂದ. ಹೊಸ್ತಿಲಲ್ಲಿ ಅಭ್ಯಾಸದಂತೆ ಕೆಮ್ಮಿದ. ಒಳಗಿನಿಂದ ದನಿಯಿಲ್ಲ. ಮತ್ತೆ ಕೆಮ್ಮಿದ. ದನಿಯಿಲ್ಲ. ಹತ್ತಿರ ಹೋಗಿ, “ಆನೆ ಬಂದೈತೆ ಕಣವ್ವಾ” ಎಂದ. ಮಗು ಅರೆಗಣ್ಣು ಬಿಟ್ಟಿತು, ಮಾತಾಡಲಿಲ್ಲ. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಹೇಗಾದರೂ ಬೆವರು ಬರಿಸಬೇಕೆಂದು ಸಾಹುಕಾರ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಎರಡೂ ಕಂಬಳಿಯನ್ನು ಇಬ್ಬರಿಗೂ ಸೇರಿಸಿ ಹೊದ್ದು ಕೂತ. ಕಿಟಕಿ ಮುಚ್ಚಿದ ಕೋಣೆ, ಸುಡು ಬೇಸಿಗೆ. ಸ್ವಲ್ಪ ಹೊತ್ತಿಗೇ ಅವನಿಗೆ ಉಸಿರು ಕಟ್ಟಿತು, ಗಂಟಲು ಒಣಗಿತು.

“ನೀರು ತಾರವ್ವಾ.”

ಸೊಸೆ ಲೋಟ ತಂದಳು. ಸಾಹುಕಾರ ಬಾಯಿಗೆತ್ತಿದ. ಮಗುವಿನ ಕಣ್ಣು ಲೋಟದ ಜೊತೆ ಮೇಲೆ ಬಂತು. ಅವನು ಲೋಟ ಇಳಿಸಿದ. ಕಣ್ಣೂ ಇಳಿಯಿತು. ಮಗು ನಾಲಿಗೆಯನ್ನು ತುಟಿಯ ಮೇಲೆ ಮೆಲ್ಲಗೆ ಆಡಿಸಿತು.

ಸಾಹುಕಾರ ಲೋಟವನ್ನು ಸೊಸೆಯ ಕೈಗೆ ಕೊಟ್ಟ. “ನಂಗೆ ಒಂದು ಗಳಿಗೆ ತಡಿಯಾಕಾಗ್ಲಿಲ್ಲವಲ್ಲವ್ವಾ... ಇದನ್ನ ಬೆಳಗ್ಗಿಂದ ಇದರಾಗೇ ಸುತ್ತಿಟ್ಟೀನಿ” ಎಂದು ಚೀರಿ ಕಂಬಳಿ ಕಿತ್ತೆಸೆದ. ಸೊಸೆ ಕಿಟಕಿ ತೆರೆದು, ಚಮಚದಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಆಟೋ ಹಿಡಿದು ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಮಗುವಿಗೆ ಡ್ರಿಪ್ ಹಾಕಿ ಬಂದು ಹೇಳಿದರು: “ಜ್ವರ ಅಂದ್ರೆ ಮೈ ರೋಗದ ಜೊತೆ ಜಗಳಕ್ಕೆ ನಿಂತಿದೆ ಅಂತ, ಯಜಮಾನ್ರೇ. ಬಿಸಿ ಹೊರಗೆ ಹೋಗೋಕೂ ಬಿಟ್ಟಿಲ್ಲ, ನೀರೂ ಕೊಟ್ಟಿಲ್ಲ. ಮಗು ಒಣಗಿಹೋಗಿದೆ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು.”

ಸಂಜೆ ತಾತನ ತೊಡೆಯ ಮೇಲೆ ಮಲಗಿದ್ದ ಮಗು ಬೆಳಗ್ಗಿನಿಂದ ಮೊದಲ ಸಲ ಉಚ್ಚೆ ಹೊಯ್ದು ಅವನ ಪಂಚೆಯನ್ನು ಒದ್ದೆ ಮಾಡಿತು. ಸಾಹುಕಾರ ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತುಬಿಟ್ಟ.

ಈಗ ಹೇಳಿ, ಆ ಸಾಹುಕಾರ ಯಾರು? ಕಂಬಳಿ ನಿಮ್ಮ ಮನೆಯಲ್ಲಿಲ್ಲವೇ? ಸ್ವೆಟರಿನ ಮೇಲೆ ಸ್ವೆಟರು, ಟೋಪಿ, ಕಾಲುಚೀಲ ಹಾಕಿ ಮಗುವನ್ನು ಗಂಟು ಕಟ್ಟುವವರು ನೀವಲ್ಲವೇ? ನಾವು ಹೊದಿಸುವುದು ಮಗುವಿನ ಮೈಯನ್ನಲ್ಲ, ನಮ್ಮ ಹೆದರಿಕೆಯನ್ನು.

ಮಗುವಿಗೆ ಜ್ವರ ಬಂದರೆ ತೆಳ್ಳನೆಯ ಬಟ್ಟೆ ಹಾಕಿ, ಗಾಳಿ ಆಡಲಿ. ನಡುಗಿದರೆ ಒಂದು ಹಗುರ ಹೊದಿಕೆ ಸಾಕು, ನಡುಕ ನಿಂತ ಮೇಲೆ ಅದನ್ನೂ ತೆಗೆಯಿರಿ. ನೀರು, ಗಂಜಿತಿಳಿ, ಎದೆಹಾಲು, ಹೀಗೆ ಮಗುವಿನ ವಯಸ್ಸಿಗೆ ತಕ್ಕದ್ದನ್ನು ಮತ್ತೆ ಮತ್ತೆ ಕೊಡಿ. ಆರು ತಿಂಗಳು ತುಂಬದ ಕೂಸಿಗೆ ಎದೆಹಾಲಷ್ಟೇ. ತಣ್ಣೀರು ಸುರಿಯಬೇಡಿ. ಔಷಧಿ ಕೊಡುವುದಾದರೆ ಮಗುವಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ. ಪಕ್ಕದ ಮನೆಯ ಬಾಟಲಿ ಬೇಡ. ಮೈ ಎಷ್ಟು ಬಿಸಿ ಎನ್ನುವುದಕ್ಕಿಂತ ಮಗು ಹೇಗಿದೆ ನೋಡಿ. ಕುಡಿಯುತ್ತಿದೆಯೇ? ಉಚ್ಚೆ ಹೊಯ್ಯುತ್ತಿದೆಯೇ? ಕರೆದರೆ ತಿರುಗುತ್ತಿದೆಯೇ? ಇಲ್ಲವೆಂದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಫಿಟ್ಸ್ ಬಂದರೆ, ಮೂರು ತಿಂಗಳೂ ತುಂಬದ ಹಸುಗೂಸಿಗೆ ಬರೀ ಮೈ ಬಿಸಿಯಾದರೂ ಸರಿ, ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಸೊಸೆಯಂದಿರೇ, ನೀವೂ ಬಾಗಿಲ ಬಳಿ ನಿಲ್ಲಬೇಡಿ. ಒಳಗೆ ಬಂದು ಬಾಯಿ ಬಿಡಿ. ಹಿರಿಯರೇ, ಆಗ ಗದರಬೇಡಿ.

ಹೆದರಿಕೆಯಾದಾಗ ನಿಮ್ಮ ಕೈ ಮೊದಲು ಕಂಬಳಿಗೇ ಹೋಗುತ್ತದೆ. ನನಗೆ ಗೊತ್ತು. ಆ ಕೈಯನ್ನು ಒಮ್ಮೆ ನಿಲ್ಲಿಸಿ, ಮಗುವಿನ ಕಣ್ಣು ಎಲ್ಲಿದೆ ನೋಡಿ, ಲೋಟ ಎತ್ತಿಕೊಳ್ಳಿ.