ಹದಿನೇಳು ನಿಮಿಷ ಮೊದಲೇ ಹಾರಿದ ತೋಪು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪುರಸಭೆಯ ಶ್ರೀಮತಿ ರಾದಿಯಾ ಅವರೇ, ರಾಜಧಾನಿ ಟ್ಯೂನಿಸ್ಸಿನಿಂದ ಇಷ್ಟು ದೂರ ಬಂದು ನನ್ನ ಪಕ್ಕದಲ್ಲಿ ಪಾಪ ಆಕಳಿಕೆ ನುಂಗುತ್ತಿರುವ ಮಾನ್ಯ ಅತಿಥಿಗಳೇ, ದೊಡ್ಡ ಮಸೀದಿಯ ಇಮಾಮರಾದ ಶೇಖ್ ತಯ್ಯಿಬ್ ಅವರೇ, ಆಗಲೇ ಬಾದಾಮಿ ಬಿಸ್ಕತ್ತಿನ ತಟ್ಟೆಯ ಮೇಲೆ ಕಣ್ಣಿಟ್ಟಿರುವ ನನ್ನ ಕಾಫಿ ಅಂಗಡಿಯ ಗೆಳೆಯರೇ, ಮತ್ತು ಎಲ್ಲ ಸಭಿಕರೇ,

ಮೂವತ್ತೆಂಟು ವರ್ಷ ನಾನು ಈ ಊರಿಗೆ ಹೇಳಿದ್ದು ಒಂದೇ ಮಾತು. ರಂಜಾನ್ ತಿಂಗಳಲ್ಲಿ, ದಿನಕ್ಕೊಂದೇ ಸಲ, ಕೋಟೆಯ ಮೇಲಿನಿಂದ, ತೋಪಿನ ಬಾಯಲ್ಲಿ. ಸೂರ್ಯ ಮುಳುಗಿದ, ಉಪವಾಸ ಬಿಡಿ ಅಂತ. ಉಳಿದ ಹನ್ನೊಂದು ತಿಂಗಳು ಪುರಸಭೆಯ ತೋಟದಲ್ಲಿ ನೀರು ಬಿಡುತ್ತಿದ್ದ ಈ ಖಮೈಸನನ್ನು ಯಾರು ಮಾತಾಡಿಸಿದ್ದೀರಿ? ಇವತ್ತು ಒಮ್ಮೆಲೇ ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟಿದ್ದೀರಿ. ಎರಡೂ ಭಾರವಾಗಿವೆ. ಬೆಳಗಿನಿಂದ ಮೈಯಲ್ಲಿ ಸುಸ್ತು. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಜೀಬ್ ಮೇಷ್ಟ್ರು ಈಗಷ್ಟೇ ನನ್ನ ಪರಿಚಯ ಮಾಡುತ್ತ, ಮಹಾ ದೈವಭಕ್ತ ಎಂದರು. ಇದೇ ಮೇಷ್ಟ್ರು ಮೊನ್ನೆ ಕಾಫಿ ಅಂಗಡಿಯಲ್ಲಿ ಏನಂದರು ಗೊತ್ತೇ? "ಖಮೈಸಣ್ಣ, ದೇವರು ಇದ್ರೇನು, ಇಲ್ದಿದ್ರೇನು? ನಿಮ್ಮ ಚಹಾ ಹಿಂಗೇ ಇರುತ್ತೆ, ಬಸ್ಸು ಹಂಗೇ ತಡವಾಗಿ ಬರುತ್ತೆ. ದಿನದ ಬಾಳಿಗೆ ಏನು ವ್ಯತ್ಯಾಸ ಹೇಳಿ ನೋಡೋಣ." ಶೇಖರೇ, ಅವರನ್ನು ಹಾಗೆ ದುರುಗುಟ್ಟಿ ನೋಡಬೇಡಿ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾನೂ ಎಷ್ಟೋ ವರ್ಷ ಅದನ್ನೇ ಅಂದುಕೊಂಡವನು. ನನಗೆ ದೇವರೆಂದರೆ ಪುರಸಭೆಯವರು ಅಚ್ಚು ಹಾಕಿಸಿ ಕೊಡುತ್ತಿದ್ದ ಸೂರ್ಯಾಸ್ತದ ಪಟ್ಟಿ, ಅಷ್ಟೇ. ಇನ್ನೊಂದು ಹೇಳಿಬಿಡುತ್ತೇನೆ, ಹೇಗಿದ್ದರೂ ನಿವೃತ್ತನಾಗಿದ್ದೇನೆ. ನಿಮಗೆಲ್ಲ ಉಪವಾಸ ಬಿಡಲು ಹೇಳುತ್ತಿದ್ದ ಈ ಮಹಾ ದೈವಭಕ್ತ ಮಧ್ಯಾಹ್ನವೇ ತೋಪಿನ ಹಿಂದೆ ಕೂತು ಸಿಗರೇಟು ಎಳೆಯುತ್ತಿದ್ದ. ನಗಿ, ನಗಿ. ಅದೊಂದಕ್ಕೇ ನಗುವುದಿದೆ.

ಆದರೆ ನನ್ನ ಹೆಂಡತಿ ಸಾಲಿಹಾ ಹಾಗಿರಲಿಲ್ಲ. ಅವಳಿಗೆ ದೇವರು ಪಕ್ಕದ ಮನೆಯಲ್ಲೇ ಇದ್ದ. ಒಲೆ ಹಚ್ಚುವಾಗ ಒಂದು ಮಾತು, ಬಾಗಿಲು ಹಾಕುವಾಗ ಒಂದು ಮಾತು, ನನ್ನ ಮೇಲೆ ಸಿಟ್ಟು ಬಂದರೆ ನೂರು ಮಾತು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಉಪವಾಸ ಕೂಡದು ಎಂದರು. ಕೇಳಲಿಲ್ಲ. ಈ ಶೇಖರೇ ಮನೆಗೆ ಬಂದು, "ಸಾಲಿಹಾ, ಕಾಯಿಲೆಯವರಿಗೆ ವಿನಾಯಿತಿ ಇದೆ ಕಣಮ್ಮ, ಬದಲಿಗೆ ಒಬ್ಬ ಬಡವನಿಗೆ ಊಟ ಹಾಕು ಸಾಕು" ಅಂದರು. ಅವಳು, "ಊಟ ಹಾಕ್ತೀನಿ, ಉಪವಾಸಾನೂ ಮಾಡ್ತೀನಿ. ನೀವು ಚಹಾ ಕುಡೀರಿ" ಅಂದಳು. ನೆನಪಿದೆಯಾ ಶೇಖರೇ? ಉಪವಾಸದ ದಿನ ಆ ಬಿಸಿ ಚಹಾ ನಿಮ್ಮ ಮುಂದೆ ಇಟ್ಟು ಒಳಗೆ ಹೋಗಿಬಿಟ್ಟಿದ್ದಳು.

ನಮ್ಮ ಮನೆ ಊರಾಚೆ, ಎಣ್ಣೆ ಗಾಣದ ರಸ್ತೆಯಲ್ಲಿ. ಆಜಾನ್ ಅಲ್ಲಿಗೆ ಕೇಳುವುದಿಲ್ಲ, ತೋಪು ಮಾತ್ರ ಕೇಳುತ್ತದೆ. ಹಾಗಾಗಿ ಸಾಲಿಹಾ ಉಪವಾಸ ಬಿಡುತ್ತಿದ್ದದ್ದು ನನ್ನ ಕೈಯ ಸದ್ದಿಗೆ.

ಹನ್ನೆರಡು ವರ್ಷದ ಹಿಂದೆ, ರಂಜಾನಿನ ಇಪ್ಪತ್ತೊಂದನೇ ದಿನ ಬೆಳಗಿನಿಂದಲೂ ಮೋಡ. ನಾನು ಮದ್ದು ತುಂಬಿ, ಬಟ್ಟೆ ತುರುಕಿ, ಬತ್ತಿ ಸಿದ್ಧ ಮಾಡಿ ಕೂತಿದ್ದೆ. ಪಕ್ಕದ ಮನೆಯ ಮಬ್ರೂಕಾ ರೊಟ್ಟಿ ವ್ಯಾನಿಗೆ ಕೈ ಅಡ್ಡ ಹಾಕಿ ಬಂದು, ಕೋಟೆಯ ಮೆಟ್ಟಿಲು ಏದುಸಿರು ಬಿಡುತ್ತ ಹತ್ತಿ ಬಂದಳು. "ಖಮೈಸಣ್ಣ, ಸಾಲಿಹಾ ಸಕ್ಕರೆ ಇಳಿದು ಬಿದ್ದೋಗಿದ್ದಾಳೆ! ಮೈಯೆಲ್ಲ ಬೆವರು, ಕೈ ನಡುಗ್ತಿದೆ. ಸಕ್ಕರೆ ನೀರು ಹಿಡಿದ್ರೆ ಹಲ್ಲು ಕಚ್ಕೊಂಡು, ತೋಪು ಹಾರಿಲ್ಲ ಅಂತಾಳೆ. ನಮ್ಮ ಮಾತು ಕೇಳಲ್ಲ, ನೀವೇ ಬನ್ನಿ!"

ನಾನು ಹೋಗಿ ಏನು ಮಾಡಲಿ? ನನ್ನ ಮಾತು ಅವಳು ಯಾವತ್ತು ಕೇಳಿದ್ದಳು? ಅವಳು ಕೇಳುತ್ತಿದ್ದದ್ದು ತೋಪಿನ ಮಾತು. ಬತ್ತಿಗೆ ಬೆಂಕಿ ಇಟ್ಟೆ.

ಸೂರ್ಯಾಸ್ತಕ್ಕೆ ಇನ್ನೂ ಹದಿನೇಳು ನಿಮಿಷ ಇತ್ತು.

ಮುಂದಿನದು ನಿಮಗೆಲ್ಲ ಗೊತ್ತು. ಊರಿಗೆ ಊರೇ ಖರ್ಜೂರ ಬಾಯಿಗೆ ಹಾಕಿಕೊಂಡು ಶೋರ್ಬಾ ಸಾರು ಕುಡಿಯಲು ಕೂತಾಗ, ಪಡುವಣದಲ್ಲಿ ಮೋಡ ಸರಿದು ಸೂರ್ಯ ಇಣುಕಿಬಿಟ್ಟ! ಅಯ್ಯೋ, ಏನು ಗಲಾಟೆ! ಎಷ್ಟು ಜನ ಬಾಯಲ್ಲಿದ್ದದ್ದನ್ನು ಉಗಿದಿರಿ, ಎಷ್ಟು ಜನ ನನ್ನ ಅಪ್ಪ ತಾತಂದಿರನ್ನೆಲ್ಲ ನೆನೆದಿರಿ! ಕೈಗಡಿಯಾರ ಕೆಟ್ಟಿತ್ತು ಅಂತ ನಾನು ಹೇಳಿದೆ, ನೀವು ನಂಬಿದಿರಿ. ಪುರಸಭೆಯ ಆಗಿನ ಅಧ್ಯಕ್ಷರಂತೂ ಹೊಸ ಗಡಿಯಾರವನ್ನೇ ಕೊಡಿಸಿದರು. ಸಭಿಕರೇ, ಗಡಿಯಾರ ಕೆಟ್ಟಿರಲಿಲ್ಲ. ಅದು ಇವತ್ತಿಗೂ ಸರಿಯಾಗಿದೆ.

ಗುಸುಗುಸು ಬೇಡ, ಮುಗಿಸಿಬಿಡುತ್ತೇನೆ. ಶೇಖರೇ, ದಯವಿಟ್ಟು ಕೂತುಕೊಳ್ಳಿ.

ಸಾಲಿಹಾ ಆ ಸಂಜೆ ಸಕ್ಕರೆ ನೀರು ಕುಡಿದಳು. ನಾನು ಮನೆಗೆ ಹೋದಾಗ ಎದ್ದು ಕೂತು, ತಲೆಗೆ ವಸ್ತ್ರ ಕಟ್ಟಿಕೊಂಡು, ಶೋರ್ಬಾಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಮಬ್ರೂಕಾಳನ್ನು ಬೈಯುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಹಿತ್ತಲಿಗೆ ಹೋಗಿ ಒಬ್ಬನೇ ನಿಂತು ಅತ್ತುಬಿಟ್ಟೆ.

ಶುಕ್ರವಾರ ಶೇಖರು ಮಸೀದಿಯಲ್ಲಿ ತೀರ್ಪು ಹೇಳಿದರು. ಹೊತ್ತಿಗೆ ಮೊದಲೇ ಉಪವಾಸ ಮುರಿದಿದೆ, ಹಬ್ಬ ಕಳೆದ ಮೇಲೆ ಊರಿನವರೆಲ್ಲ ಬದಲಿಗೆ ಒಂದು ದಿನ ಉಪವಾಸ ಇರಬೇಕು. ಶೇಖರು ಧರ್ಮದಲ್ಲಿದ್ದದ್ದನ್ನೇ ಹೇಳಿದರು. ಆದರೆ ಊರಿನವರು ಅಂದರೆ ಅದರಲ್ಲಿ ಸಾಲಿಹಾ ಕೂಡ ಇದ್ದಳಲ್ಲ! ನಾನು ಆ ಒಂದನ್ನು ಯೋಚಿಸಿಯೇ ಇರಲಿಲ್ಲ.

ಎಷ್ಟು ಹೇಳಿದೆ! ಬೈದೆ, ಗೋಗರೆದೆ, ಬಾಗಿಲಿಗೆ ಅಡ್ಡ ನಿಂತೆ. ನಿಜ ಹೇಳಿಬಿಡಲೇ ಎಂದೂ ಅಂದುಕೊಂಡೆ. ಹೇಳಿದರೆ ಏನಾಗುತ್ತಿತ್ತು? ನನಗೋಸ್ಕರ ಇಡೀ ಊರಿನ ಉಪವಾಸ ಕೆಡಿಸಿದಿರಾ ಅಂತ ಒಂದಕ್ಕೆ ಹತ್ತು ದಿನ ಉಪವಾಸ ಹಿಡಿಯುವ ಹೆಂಗಸು ಅವಳು. ಬಾಯಿ ಮುಚ್ಚಿಕೊಂಡೆ. ಹಬ್ಬ ಕಳೆದು ಎಂಟನೇ ದಿನ ಅವಳು ಬದಲಿ ಉಪವಾಸ ಹಿಡಿದಳು.

ಹಬ್ಬ ಮುಗಿದ ಮೇಲೆ ತೋಪು ಎಲ್ಲಿಯದು? ಅವತ್ತು ನಾನೇ ತೋಪು. ಸಂಜೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಹಣೆಯ ಮೇಲೆ ಅದೇ ಬೆವರು. ಸಕ್ಕರೆ ನೀರಿನ ಲೋಟ ಅವಳ ಮೊಣಕಾಲ ಹತ್ತಿರವೇ ಇತ್ತು.

"ಆಯ್ತೇನ್ರೀ?" ಅಂದಳು. "ಈ ಸಲ ಸರಿಯಾಗಿ ನೋಡಿ ಹೇಳಿ. ನನಗೆ ಗೊತ್ತಾಗಲ್ಲ, ನಿಮ್ಮ ಮಾತಿನ ಮೇಲೆ ಬಿಡ್ತೀನಿ."

ಆಗಿರಲಿಲ್ಲ, ಇನ್ನೂ ಒಂಬತ್ತು ನಿಮಿಷವಿತ್ತು. 'ಆಯ್ತು, ಕುಡಿ' ಅನ್ನುವುದು ನಾಲಗೆಯ ತುದಿಯಲ್ಲಿತ್ತು. ಕೇಳುವವರು ಯಾರಿದ್ದರು ಅಲ್ಲಿ? ನಾಲ್ಕು ಗೋಡೆ, ಗಂಡ, ಹೆಂಡತಿ. ಇಡೀ ಊರಿಗೆ ಸುಳ್ಳು ಹೇಳಿ ಜೀರ್ಣಿಸಿಕೊಂಡವನು ನಾನು. ತೋಪಿನ ಹಿಂದೆ ಸಿಗರೇಟು ಸೇದಿದವನು ನಾನು. ಅಂಥವನಿಗೆ, ಸಭಿಕರೇ, ಆವತ್ತು ಅಲ್ಲಿ ಮೂರನೆಯವನೊಬ್ಬ ಇದ್ದಾನೆ ಅನ್ನಿಸಿಬಿಟ್ಟಿತು. ಅವನು ನನ್ನ ಬಾಯನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಹೆದರಿಬಿಟ್ಟೆ.

"ಇನ್ನೂ ಒಂಬತ್ತು ನಿಮಿಷ ಇದೆ" ಅಂದೆ.

"ಅಷ್ಟೇ ತಾನೇ" ಅಂದಳು. ನಕ್ಕಳು ಕೂಡ.

ಐದನೇ ನಿಮಿಷಕ್ಕೆ ವಾಲಿದಳು. ಆಮೇಲೆ ನಾನು ಬಾಯಿ ಬಿಡಿಸಿ ಹಾಕಿದ ಸಕ್ಕರೆ ನೀರು ಕೆನ್ನೆಯ ಮೇಲೆ ಹರಿಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದಳು, ಕಣ್ಣು ಬಿಡಲಿಲ್ಲ.

ಮೇಷ್ಟ್ರೇ, ನೀವು ವ್ಯತ್ಯಾಸ ಕೇಳಿದ್ದಿರಿ. ದೇವರಿದ್ದಾನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಅವನಿದ್ದಾನೆಂದು ನಂಬಿ ಕುಡಿಯಲಿಲ್ಲ. ಅವನು ಇದ್ದರೂ ಇರಬಹುದೆಂದು ಹೆದರಿ ನಾನು ಕುಡಿಸಲಿಲ್ಲ. ನನ್ನ ಮನೆಯಲ್ಲಿ ಆದ ವ್ಯತ್ಯಾಸ ಇದು.

ನಿಮ್ಮೆಲ್ಲರಿಂದ ಒಂದು ದಿನದ ಉಪವಾಸ ಸುಮ್ಮನೆ ಮಾಡಿಸಿದೆ. ಮುದುಕರು, ಬಸುರಿಯರು, ಬಂದರಿನಲ್ಲಿ ಮೂಟೆ ಹೊರುವವರು, ಎಲ್ಲರಿಂದಲೂ. ಕ್ಷಮಿಸಿ. ನೀವು ಕಣ್ಣೆದುರಿಗಿದ್ದೀರಿ, ಕೇಳಿಬಿಟ್ಟೆ. ಸಾಲಿಹಾಳ ಕ್ಷಮೆ ಎಲ್ಲಿ ಕೇಳಲಿ? ಅವಳು ಎಲ್ಲಾದರೂ ಇದ್ದರೆ ತಾನೇ ಕೇಳುವುದು? ಅವಳು ಇರಬೇಕಾದರೆ ಅವನು ಇರಬೇಕು. ನಂಬಿದ್ದೇನೆ ಅಂತ ಈ ವಯಸ್ಸಿನಲ್ಲಿ ಸುಳ್ಳು ಹೇಳಲಾರೆ. ಇರಲಪ್ಪ, ಇರಲಿ ಅಂತ ಮಾತ್ರ ದಿನಾ ಬೆಳಗಾದರೆ ಅಂದುಕೊಳ್ಳುತ್ತೇನೆ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ, ಎದ್ದು ಹೋಗದಿದ್ದಕ್ಕೆ, ನಿಮಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.