ಅವನ ಮಗ್ಗುಲ ಜಾಗ

…ಬ್ಯಾಡ ಕಣವ್ವ, ಅಲ್ಲಿ ಕೂತ್ಕಬ್ಯಾಡ. ಇರುವೆ ಅವೆ. ಬಾ, ನಮ್ಮನೆತಾವ ಓಗಿ ಒಂದ್ಲೋಟ ಕಾಪಿ ಕುಡುದು… ಏನು? ಜಾಗ ನೋಡಾಕೇ ಬಂದ್ಯಾ? ಅಯ್ಯೋ, ಇದೇನ್ ಮಾತವ್ವ! ಮಂಡಿ ನೋವು ಅಂತ ನಾಕ್ ವರ್ಸದಿಂದ ಈ ಕಡೆ ತಲೇನೇ ಆಕ್ದೆ ಇದ್ದೋಳು, ಅರಕಲಗೂಡಿಂದ ಒಬ್ಳೇ ಬಂದಿದ್ದೀಯ, ಬಂದೋಳು ಸಾಯೋ ಮಾತಾಡ್ತೀಯಲ್ಲ! ಯಮನೂ ನಿನ್ನ ಕಂಡ್ರೆ ಎದ್ರಿ ಓಡೋಯ್ತಾನೆ.

ನಗು, ನಗು. ನಗ್ಲಿ ಅಂತ್ಲೇ ಅಂದಿದ್ದು.

ಅಲ್ಲ ಚಿಕ್ಕಲಕ್ಷ್ಮಮ್ಮವ್ವ, ಮಗಳ ಮನೇಲಿದ್ದೀಯ, ಅಳಿಯ ದೇವ್ರಂತೋನು. ಅವರ ಹೊಲದಲ್ಲಿ ನಿಂಗೊಂದು ಮೂಲೆ ಕೊಡಲ್ವಾ? 'ನನ್ ಮಗನ ಮಗ್ಗುಲಲ್ಲೇ ಮಣ್ಣು ಮಾಡಿ' ಅಂದ್ರೆ… ಇದು ಗೋಮಾಳ ಕಣವ್ವ. ಶಾಂತರಾಜು ಕಾರ್ಗಿಲ್‌ನಲ್ಲಿ ತೀರ್ಕಂಡು ಪೆಟ್ಟಿಗೇಲಿ ಬಂದಾಗ, ಬಾಗೂರು ರೋಡಲ್ಲಿ ಓಡಾಡೋರ್ಗೆಲ್ಲ ಕಾಣ್ಲಿ ಅಂತ ಊರೋರೆಲ್ಲ ಸೇರಿ ಇಲ್ಲಿ ಮಡಗಿದ್ರು. ಅವ್ನು ಮಿಲ್ಟ್ರಿಯೋನು. ನಮ್ಮಂಥೋರ್ಗೆ ಪಂಚಾಯ್ತಿಯೋರು ಒಪ್ತಾರಾ?

ಕೇಳ್ಕಂಡೇ ಬಂದ್ಯಾ? ಒಪ್ಕಂಡ್ರಾ!

ಓ… ಒಳ್ಳೇದಾಯ್ತು ಬುಡು.

ಇಲ್ಲ ಇಲ್ಲ, ನಂಗ್ಯಾಕೆ ಬೇಜಾರು? ಮಾಜಿ ಸೈನಿಕರ ಸಂಘದೋರು 'ನಂಜಪ್ಪ, ನಿನ್ ಹೊಲದ ಪಕ್ಕದಲ್ಲೇ ಅದೆ ಸಮಾಧಿ ಗುಡ್ಡೆ, ನೀನೇ ನೋಡ್ಕಳಪ್ಪ' ಅಂತ ನನ್ ನಂಬರ್ನ ನಿಂಗೆ ಕೊಟ್ಟಾಗಿಂದ ಯಾವತ್ತಾದ್ರೂ ಬುಟ್ಟಿದ್ದೀನಾ? ಕಳೆ ಕೀಳ್ತೀನಿ, ಸುಣ್ಣ ಬಳೀತೀನಿ, ಹೂವ ಮಡಗಿ ಫೋಟೊ ತೆಗ್ದು ನಿನ್ ಮೊಮ್ಮಗಳು ನಿಧಿ ಫೋನ್ಗೆ ಕಳುಸ್ತೀನಿ. ಮಾರ್ನಮಿ ಅಮಾಸೆ ದಿನ ನೀನ್ ಕಳ್ಸೋ ಕಜ್ಜಾಯ ಎಡೆ ಮಡಗ್ದೆ ಬಾಯ್ಗೆ ನೀರು ಬುಟ್ಟೋನಲ್ಲ. ಸುಳ್ಳೇಳಿದ್ರೆ ನನ್ ನಾಲ್ಗೆ ಸೇದೋಗ್ಲಿ!

ಯಾಕವ್ವ ಕಲ್ಲನ್ನೇ ಅಂಗೆ ನೋಡ್ತೀಯ?

ಅವನ ತಲೆ ಯಾವ ಕಡೆಗಾ? ತಲೆ ತೆಂಕ್ಲಿಗೇ ಕಣವ್ವ, ಎಲ್ಲಾರ್ನೂ ಅಂಗೇ ಅಲ್ವಾ ಮಲಗ್ಸೋದು. ಕಲ್ಲು ತಲೆತಾವ ಇರ್ಬೇಕು, ನಿಜ… ಇದು ಬಡಗ್ಲಲ್ಲಿ ಅದೆ. ನಾನೇ ನೆಟ್ಟಿದ್ದು. ಹೊಸ ರೋಡಿಂದ ನೋಡೋರ್ಗೆ ಅವನ ಹೆಸ್ರು ಕಾಣ್ಲಿ ಅಂತ… ಕಿತ್ತಿದ್ಯಾಕೆ ಅಂದ್ರೆ… ರೋಡು ಅಗ್ಲ ಮಾಡೋವಾಗ ಒಸಿ ಈಚೆಗೆ ತಂದೋ. ಒಸಿ ಅಷ್ಟೇಯ.

ಊಂ, ಗುಡ್ಡೇನೂ. ಎಲ್ಲಾನೂ ತಂದೋ.

ಬೈಯಿ ಬೇಕಾದ್ರೆ. ಆ ಗುಡ್ಡೆ ಮ್ಯಾಲೆ ಅಂಗೆ ಕೈ ಆಡುಸ್ಬ್ಯಾಡ, ನನ್ ಕೈಲಿ ನೋಡಾಕಾಗಲ್ಲ…

ಕಂಟ್ರಾಕ್ಟ್ರು ಒಳ್ಳೆಯೋನೇ ಕಣವ್ವ. 'ನಾಳೆ ಬೆಳಿಗ್ಗೆ ಪೂಜೆ ಮಾಡಿ, ಮೂಳೆ ಎತ್ಕಳಿ, ಆಮ್ಯಾಕೆ ಜೆಸಿಬಿ ಬುಡ್ತೀನಿ' ಅಂದಿದ್ದ. ನಾನು ಊಂ ಅಂದಿದ್ದೆ. ನಿಂಗೊಂದು ಫೋನ್ ಮಾಡ್ಬೇಕಿತ್ತು, ಮಾಡ್ನಿಲ್ಲ. ಹೊಳೆನರಸೀಪುರದಲ್ಲಿ ಬೀಗರೂಟ… ತಿಂದು, ಕುಡುದು, ಅಲ್ಲೇ ಬಿದ್ಕಂಡೆ. ಮಾರ್ನೆ ದಿನ ಮದ್ಯಾನ ಬಂದ್ರೆ ಕಲ್ಲೊಂದು ಬದೀಲಿ ಬಿದ್ದಿತ್ತು. ಗುಡ್ಡೆ ಇರ್ನಿಲ್ಲ. ಕಾದೂ ಕಾದೂ ಅಗುದ್ಬುಟ್ಟಿದ್ರು. ಆ ಮಣ್ಣನ್ನೇ ಅಲ್ಲೇ ರೋಡಿಗೆ ತುಂಬಿ, ರೋಲರ್ ಓಡ್ಸಿ… ಬರೀ ಕೈಲಿ ಕೆದುಕ್ದೆ ಕಣವ್ವ, ಉಗುರು ಕಿತ್ತೋಗೋಗಂಟ ಕೆದುಕ್ದೆ. ಒಂದ್ ಚೂರೂ ಸಿಕ್ನಿಲ್ಲ. ನಿನ್ ಮುಂದೆ ಯಾವ ಬಾಯಲ್ಲಿ ಏಳ್ಲಿ? ಕಲ್ಲು ತಂದು ಇಲ್ಲಿ ನೆಟ್ಟೆ. ಬರೀ ಮಣ್ಣು ಗುಡ್ಡೆ ಆಕಿ ಸುಣ್ಣ ಬಳುದೆ. ಪಾಪಿ ಕಣವ್ವ ನಾನು. ನೀನಿಲ್ಲಿ ಮಲಗುದ್ರೆ ನಿನ್ ಮಗ್ಗುಲಲ್ಲಿ ಯಾರೂ ಇರಾಕಿಲ್ಲ.

ಅಯ್ಯೋ, ಎತ್ಲಾಗೆ ಎದ್ದೆ? ಕೈ ಕೊಡು… ಬ್ಯಾಡ್ವಾ? ಸರಿ, ಮುಟ್ಟಾಕಿಲ್ಲ. ಬಸ್ಸು ಈಗ್ಲೇ ಇಲ್ಲ ಕಣವ್ವ. ರೋಡ್ಗೆ ಇಳೀಬ್ಯಾಡ, ಗಾಡಿಗಳು ಬತ್ತವೆ…

ಚಪ್ಲಿ ಯಾಕೆ ಬುಡ್ತೀಯ? ಟಾರು ಕಾದದೆ, ಕಾಲು ಸುಡ್ತದೆ…

ಅವ್ವಾ…

ಅಲ್ಲಲ್ಲ. ಗುಡ್ಡೆ ಇದ್ದಿದ್ದು ಇನ್ನೊಸಿ ಮುಂದಕ್ಕೆ. ಆ ಬಿಳಿ ಗೆರೆ ಅದೆಯಲ್ಲ… ಅಲ್ಲಿ.