ಸವತಿಯ ಮಗುವಿನ ನಾಮಕರಣಕ್ಕೆ

೧೯೭೯ರಲ್ಲಿ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಶಿರಾ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ತಂಗಿಯ ಮಡಿಲಲ್ಲಿ ಎಳೆಗೂಸಿನ ಹೊಸ ಕುಲಾವಿ ಇತ್ತು.

“ಬಂಜೆ ಅಂತ ಓಡ್ಸಿದ ಗಂಡನ ಮನೆಗೆ ಯಾಕೆ ಹೋಗ್ತೀಯ ಗಿರಿಯಮ್ಮ? ಅದೂ ಸವತಿ ಮಗೀನ ನಾಮಕರಣಕ್ಕೆ!”

“ಎಮರ್ಜೆನ್ಸೀಲಿ ಅವನ್ನ ಹಿಡ್ಕಂಡೋಗಿ ಮಕ್ಕಳಾಗ್ದಂಗೆ ಆಪ್ರೇಸನ್ ಮಾಡಿದ್ರು ಕಣಕ್ಕ. ಯಾರ್ಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಮಾಡ್ಸಿದ್ದ.”

ಅಕ್ಕ ತಂಗಿಯ ಕಡೆ ಪೂರ್ತಿ ತಿರುಗಿ ಕೂತಳು.

“ಅವ್ರವ್ವ ನನ್ನ ಬಂಜೆ ಅಂದಾಗ ತಲೆ ಬಗ್ಗಿಸ್ಕಂಡು ಉಣ್ತಾ ಕೂತಿದ್ದ. ಇನ್ನೊಂದು ಹೆಣ್ಣು ತಂದ್ರೆ ತಾಳೀನೂ ಕಟ್ಟಿದ.”

“ಅಂಗಾರೆ ಈ ಮಗು?”

“ತನ್ದಲ್ಲ ಅಂತ ಅವನಿಗೂ ಗೊತ್ತು. ಬಾಯಿ ಬಿಟ್ರೆ ಮಾನ ಹೋಯ್ತದೆ.”

“ಇವತ್ತು ಎಲ್ಲಾರ ಮುಂದೆ ಹೇಳ್ಬುಡು ಮತ್ತೆ!”

“ಹೇಳಿದ್ರೆ ಆ ಹುಡುಗಿ ಬೀದಿಗೆ ಬೀಳ್ತಾಳೆ. ಅವ್ಳು ನಂಗೇನು ಮಾಡವ್ಳೆ? ಮಗೀನ ಅವನ ತೊಡೆ ಮ್ಯಾಲಾಕಿ, ‘ಥೇಟ್ ಅಪ್ಪನ ಮೂಗು’ ಅಂತೀನಿ. ಅವನು ನನ್ ಮುಖ ನೋಡ್ಕಂಡು ನಗ್ಬೇಕು. ಇನ್ಮ್ಯಾಲೆ ಒಂದ್ ಹಬ್ಬಾನೂ ಬುಡಾಕಿಲ್ಲ, ಹೋಗಿ ಹಿಂಗೇ ಅಂತೀನಿ.”

ಗಂಡನ ಊರಿನ ಕಡೆ ಹೋಗುವ ಮಿಡಿಗೇಶಿ ಬಸ್ ಬಂತು. ತಂಗಿಯನ್ನು ತಡೆಯಲು ಬಂದಿದ್ದ ಅಕ್ಕ ಎದ್ದು ಸೆರಗು ಬಿಗಿದಳು.

“ನಡಿ, ನಾನೂ ಬತ್ತೀನಿ.”

ಇಬ್ಬರೂ ಜನರನ್ನು ತಳ್ಳಿಕೊಂಡು ಬಸ್ ಹತ್ತಿದರು.